ಇವತ್ತು ಮೊಣಕಾಲು, ನಾಳೆ ಮೊಣಕೈ: ರುಮ್ಯಾಟಿಕ್ ಜ್ವರ ಗುರುತಿಸೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ಒಬ್ಬ ಹುಡುಗಿಯ ಕಥೆಯಿಂದ ಶುರು ಮಾಡೋಣ. ಮೊದಲೇ ಹೇಳಿಬಿಡ್ತೀನಿ, ಇವಳು ಕಲ್ಪನೆಯ ಹುಡುಗಿ. ಆದರೆ ಇವಳಿಗೆ ಆಗೋದೆಲ್ಲ ಈ ಕಾಯಿಲೆಯಲ್ಲಿ ನಿಜವಾಗಿಯೂ ಆಗುವಂಥದ್ದೇ.

ಬ್ಯಾಡಗಿ ಹತ್ತಿರದ ಒಂದು ಹಳ್ಳಿ. ಹುಡುಗಿಗೆ ಹನ್ನೊಂದು ವರ್ಷ. ಫೆಬ್ರುವರಿ ತಿಂಗಳು, ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಜೋರು. ಅವಳಿಗೆ ಗಂಟಲು ನೋವು ಬಂತು, ಎರಡು ದಿನ ಜ್ವರ ಬಂತು. ಎಲ್ಲರೂ 'ಮೆಣಸಿನಕಾಯಿ ಘಾಟು' ಅಂದರು. ಉಪ್ಪುನೀರು ಮುಕ್ಕಳಿಸಿದಳು, ಒಂದು ಜ್ವರದ ಮಾತ್ರೆ ನುಂಗಿದಳು, ನಾಲ್ಕೇ ದಿನಕ್ಕೆ ಆರಾಮಾದಳು. ಅಲ್ಲಿಗೆ ಎಲ್ಲರೂ ಅದನ್ನ ಮರೆತರು.

ಮೂರು ವಾರ ಆದ ಮೇಲೆ ಒಂದು ರಾತ್ರಿ, "ಯವ್ವಾ, ಮೊಣಕಾಲು ಭಾಳ ನೋಯಾಕತ್ತೈತಿ" ಅಂದಳು. "ಆಟ ಆಡಿ ಬಂದೀಯಲ್ಲ, ಅದಕ್ಕ. ಎಣ್ಣಿ ಹಚ್ಚಿ ತಿಕ್ಕತೀನಿ, ಮಲಕ್ಕೋ" ಅಂದರು ಅವರಮ್ಮ. ಬೆಳಿಗ್ಗೆ ನೋಡಿದರೆ ಮೊಣಕಾಲು ಊದಿತ್ತು, ಮುಟ್ಟಿದರೆ ಬಿಸಿ. ಎರಡು ದಿನಕ್ಕೆ ಊತ ಇಳೀತು. ಆದರೆ ಈಗ ಪಾದದ ಕೀಲು ನೋವು. ಅದು ಕಡಿಮೆ ಆಗೋ ಹೊತ್ತಿಗೆ ಮೊಣಕೈ. "ನಿನ್ನೆ ಕಾಲು ಅಂದಿ, ಇವತ್ತ ಕೈ ಅಂತೀ. ಸಾಲಿ ತಪ್ಪಸಾಕ ನೆವಾ ಹೇಳಾಕತ್ತೀ ಏನ?" ಅಂತ ಮನೆಯಲ್ಲಿ ಬೈಗುಳ.

ಅವಳು ನೆಪ ಹೇಳ್ತಿರಲಿಲ್ಲ. ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರೋ ಆ ನೋವೇ ಕಾಯಿಲೆಯ ಮುಖ್ಯ ಸುಳಿವು. ಅದರ ಹೆಸರು ರುಮ್ಯಾಟಿಕ್ ಜ್ವರ. ಕೆಲವು ಪುಸ್ತಕಗಳಲ್ಲಿ ಸಂಧಿವಾತ ಜ್ವರ ಅಂತಲೂ ಬರೀತಾರೆ. ಅಜ್ಜ ಅಜ್ಜಿಯರಿಗೆ ಬರೋ ಕೀಲುವಾತ ಬೇರೆ, ಇದು ಬೇರೆ. ಇದು ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳ ಕಾಯಿಲೆ.

ಗಂಟಲಿನಿಂದ ಹೃದಯದವರೆಗೆ

ಗಂಟಲಿಗೂ ಮೊಣಕಾಲಿಗೂ ಏನು ಸಂಬಂಧ? ಗಂಟಲು ನೋವಿಗೆ ಬಹಳ ಸಲ ಕಾರಣ ವೈರಸ್. ಅದು ತಾನಾಗೇ ಹೋಗುತ್ತೆ. ಕೆಲವು ಸಲ ಮಾತ್ರ ಕಾರಣ ಒಂದು ಬ್ಯಾಕ್ಟೀರಿಯಾ, 'ಗ್ರೂಪ್ ಎ ಸ್ಟ್ರೆಪ್ಟೊಕಾಕಸ್'. ಬಾಯಲ್ಲಿ ಹೇಳೋಕೆ ಉದ್ದ ಆಗುತ್ತೆ, ನಾವು 'ಸ್ಟ್ರೆಪ್' ಅನ್ನೋಣ. ಇದು ಗಂಟಲಿಗೆ ಬಂದಾಗ ನಮ್ಮ ದೇಹದ ರಕ್ಷಣಾ ವ್ಯವಸ್ಥೆ ಅದರ ವಿರುದ್ಧ ಪ್ರತಿಕಾಯಗಳನ್ನ ತಯಾರು ಮಾಡುತ್ತೆ. ಅಲ್ಲಿವರೆಗೆ ಎಲ್ಲ ಸರಿ. ತೊಂದರೆ ಏನಂದ್ರೆ, ಈ ಬ್ಯಾಕ್ಟೀರಿಯಾದ ಮೈಮೇಲಿರೋ ಕೆಲವು ಪ್ರೋಟೀನ್‌ಗಳು ನಮ್ಮ ಹೃದಯ, ಕೀಲು, ಮೆದುಳಿನ ಅಂಗಾಂಶಗಳನ್ನ ಹೋಲುತ್ತವೆ. ಕೆಲವು ಮಕ್ಕಳಲ್ಲಿ ದೇಹ ಗುರುತು ತಪ್ಪುತ್ತೆ. ಕಳ್ಳನ್ನ ಹುಡುಕೋಕೆ ಬಂದ ಪೊಲೀಸರು ಅದೇ ಬಣ್ಣದ ಅಂಗಿ ಹಾಕಿದ ಮನೆಯವರನ್ನೇ ಹಿಡಿದು ಹೊಡೆದ ಹಾಗೆ.

ಇದಕ್ಕೆಲ್ಲ ಸಮಯ ಹಿಡಿಯುತ್ತೆ. ಅದಕ್ಕೇ ಗಂಟಲು ನೋವು ಹೋಗಿ ಎರಡು ಮೂರು ವಾರ ಆದ ಮೇಲೆ ಕೀಲು ನೋವು ಶುರುವಾಗೋದು. ಅಷ್ಟೊತ್ತಿಗೆ ಗಂಟಲಿನ ವಿಷಯ ಯಾರಿಗೂ ನೆನಪಿರೋದಿಲ್ಲ. ಡಾಕ್ಟರ್ ಕೇಳಿದರೂ "ಇಲ್ರಿ, ಗಂಟಲಿಗೆ ಏನೂ ಆಗಿರಲಿಲ್ರಿ" ಅಂತೀವಿ.

ಸ್ಟ್ರೆಪ್ ಗಂಟಲು ನೋವು ಬಂದ ಎಲ್ಲ ಮಕ್ಕಳಿಗೂ ಹೀಗಾಗೋದಿಲ್ಲ. ಚಿಕಿತ್ಸೆ ಪಡೆಯದೆ ಬಿಟ್ಟವರಲ್ಲೂ, ಸೋಂಕು ಜೋರಾಗಿ ಹರಡಿದ ಸಂದರ್ಭದಲ್ಲಿ ಹೆಚ್ಚೆಂದರೆ ನೂರಕ್ಕೆ ಮೂರು ಜನರಿಗೆ ಬಂದದ್ದಿದೆ, ಸಾಮಾನ್ಯ ದಿನಗಳಲ್ಲಿ ಅದಕ್ಕಿಂತ ಬಹಳ ಕಡಿಮೆ. ಹಾಗಾದ್ರೆ ಇಷ್ಟು ಚಿಂತೆ ಯಾಕೆ? ಕೀಲುಗಳು ಕೆಲವು ವಾರಗಳಲ್ಲಿ ಪೂರ್ತಿ ಸರಿ ಹೋಗ್ತವೆ, ಊನ ಉಳಿಯೋದಿಲ್ಲ. ಆದರೆ ಹೃದಯದ ಕವಾಟ, ಅಂದ್ರೆ ವಾಲ್ವ್, ಒಮ್ಮೆ ಹಾಳಾದರೆ ಗಾಯದ ಗುರುತು ಉಳಿದುಬಿಡಬಹುದು. ಮತ್ತೆ ಮತ್ತೆ ರುಮ್ಯಾಟಿಕ್ ಜ್ವರ ಬಂದರೆ ಪ್ರತಿ ಸಲವೂ ಹಾನಿ ಹೆಚ್ಚುತ್ತೆ. ಇದೇ ರುಮ್ಯಾಟಿಕ್ ಹೃದ್ರೋಗ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5.5 ಕೋಟಿ ಜನರಿಗೆ ಇದು ಇದೆ. 2018ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಇದನ್ನ ತಡೆಯೋಕೆ ಅಂತಲೇ ಒಂದು ನಿರ್ಣಯ ಅಂಗೀಕರಿಸಿತು.

ಘಾಟೋ, ಸೋಂಕೋ?

ಬ್ಯಾಡಗಿ ಕಡೆಯವರಿಗೆ ಇದು ಬಹಳ ಮುಖ್ಯ. ಮೆಣಸಿನಕಾಯಿ ಸೀಸನ್‌ನಲ್ಲಿ ಗಂಟಲು ಕೆರೆಯೋದು ಯಾರಿಗೆ ಹೊಸದು? ವ್ಯತ್ಯಾಸ ಹೇಗೆ ಗೊತ್ತಾಗುತ್ತೆ?

ಘಾಟಿನಿಂದ ಕೆಮ್ಮು ಬರುತ್ತೆ, ಸೀನು ಬರುತ್ತೆ, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯುತ್ತೆ. ಆ ಜಾಗ ಬಿಟ್ಟು ಬಂದರೆ ಕಡಿಮೆ ಆಗುತ್ತೆ. ಜ್ವರ ಬರೋದಿಲ್ಲ. ಸ್ಟ್ರೆಪ್ ಬಂದರೆ ಇದಕ್ಕೆ ಹೆಚ್ಚುಕಡಿಮೆ ತದ್ವಿರುದ್ಧ. ಗಂಟಲು ನೋವು ಇದ್ದಕ್ಕಿದ್ದಂತೆ ಶುರುವಾಗುತ್ತೆ, ಉಗುಳು ನುಂಗೋದೂ ಕಷ್ಟ. ಜ್ವರ ಇರುತ್ತೆ. ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿದರೆ ಟಾನ್ಸಿಲ್ ಕೆಂಪಾಗಿ ಊದಿ, ಮೇಲೆ ಬಿಳಿ ಚುಕ್ಕೆ ಅಥವಾ ಕೀವಿನ ಪದರ ಕಾಣಬಹುದು. ದವಡೆ ಕೆಳಗೆ, ಕತ್ತಿನ ಮುಂಭಾಗದಲ್ಲಿ ಗಡ್ಡೆ ಸಿಗುತ್ತೆ, ಒತ್ತಿದರೆ ನೋಯುತ್ತೆ. ಕೆಮ್ಮು, ನೆಗಡಿ ಮಾತ್ರ ಸಾಮಾನ್ಯವಾಗಿ ಇರೋದಿಲ್ಲ.

ಇಂಥ ಗಂಟಲು ನೋವು ಇದ್ದರೆ ಡಾಕ್ಟರಿಗೆ ತೋರಿಸಿ. ಸ್ಟ್ರೆಪ್ ಅನ್ನಿಸಿದರೆ ಅವರು ಪೆನ್ಸಿಲಿನ್ ಅಥವಾ ಅಮಾಕ್ಸಿಸಿಲಿನ್ ಕೊಡ್ತಾರೆ. ಹತ್ತು ದಿನದ ಕೋರ್ಸ್ ಅಂದರೆ ಹತ್ತೂ ದಿನ. ಮೂರನೇ ದಿನಕ್ಕೆ ಆರಾಮಾಯ್ತು ಅಂತ ಉಳಿದ ಮಾತ್ರೆಗಳನ್ನ ಡಬ್ಬಿಗೆ ಹಾಕಿಡಬೇಡಿ. ಹಾಗೆಯೇ, ಡಾಕ್ಟರ್ ಹೇಳದೆ ಮೆಡಿಕಲ್ ಶಾಪ್‌ನಿಂದ ಆ್ಯಂಟಿಬಯಾಟಿಕ್ ತಂದು ನುಂಗಿಸೋದೂ ಬೇಡ.

ಇದು ಕೆಲಸ ಮಾಡುತ್ತೆ ಅನ್ನೋದಕ್ಕೆ ಹಳೆಯ ಪುರಾವೆ ಇದೆ. 1949-50ರ ಸುಮಾರಿಗೆ ಅಮೆರಿಕದ ವಯೋಮಿಂಗ್ ರಾಜ್ಯದ ಒಂದು ವಾಯುಪಡೆ ನೆಲೆಯಲ್ಲಿ ಸೈನಿಕರ ಬ್ಯಾರಕ್‌ಗಳಲ್ಲಿ ಸ್ಟ್ರೆಪ್ ಹರಡಿತ್ತು. ಗಂಟಲು ನೋವು ಬಂದವರಿಗೆ ಪೆನ್ಸಿಲಿನ್ ಕೊಟ್ಟು ನೋಡಿದಾಗ, ಕೊಡದವರಿಗೆ ಹೋಲಿಸಿದರೆ ರುಮ್ಯಾಟಿಕ್ ಜ್ವರ ಹತ್ತರಲ್ಲಿ ಒಂಬತ್ತು ಪಾಲು ತಗ್ಗಿತು. ಗಂಟಲು ನೋವು ಶುರುವಾದ 9 ದಿನದೊಳಗೆ ಔಷಧ ಶುರುವಾದರೂ ರಕ್ಷಣೆ ಸಿಗುತ್ತೆ ಅನ್ನೋದು ಇವತ್ತಿಗೂ ವೈದ್ಯರ ಲೆಕ್ಕ. ಬ್ಯಾರಕ್ ಅಂದಾಗ ಇನ್ನೊಂದು ಮಾತು. ಒಂದೇ ಕೋಣೆಯಲ್ಲಿ ಹೆಚ್ಚು ಜನ ಮಲಗೋ ಕಡೆ ಸ್ಟ್ರೆಪ್ ಬೇಗ ಹರಡುತ್ತೆ. ಹಳ್ಳಿಯಿಂದ ಬಂದು ಹಾವೇರಿ, ರಾಣೆಬೆನ್ನೂರಿನ ಹಾಸ್ಟೆಲ್‌ಗಳಲ್ಲಿ ಓದ್ತಿರೋರು ಇದನ್ನ ನೆನಪಿಡಿ.

ಐದು ದೊಡ್ಡ ಗುರುತು

ರುಮ್ಯಾಟಿಕ್ ಜ್ವರಕ್ಕೆ 'ಪಾಸಿಟಿವ್-ನೆಗೆಟಿವ್' ಅಂತ ಹೇಳಿಬಿಡೋ ಒಂದೇ ಒಂದು ಪರೀಕ್ಷೆ ಇಲ್ಲ. ಡೆಂಗಿಗೆ ಇದ್ದ ಹಾಗೆ ಇದಕ್ಕೆ ಕಿಟ್ ಇಲ್ಲ. ಲಕ್ಷಣ, ರಕ್ತ ಪರೀಕ್ಷೆ, ಹೃದಯದ ಪರೀಕ್ಷೆ ಎಲ್ಲವನ್ನೂ ಜೋಡಿಸಿ ಡಾಕ್ಟರ್ ತೀರ್ಮಾನಕ್ಕೆ ಬರಬೇಕು. ಜೋಡಿಸೋದು ಹೇಗೆ ಅಂತ 1944ರಲ್ಲಿ ಅಮೆರಿಕದ ವೈದ್ಯ ಟಿ. ಡಕೆಟ್ ಜೋನ್ಸ್ ಒಂದು ಪಟ್ಟಿ ಮಾಡಿದರು. ಅದಕ್ಕೆ 'ಜೋನ್ಸ್ ಮಾನದಂಡ' ಅಂತ ಹೆಸರು. ಹಲವು ಸಲ ತಿದ್ದುಪಡಿ ಆಗಿದೆ, 2015ರಲ್ಲಿ ಆದ ತಿದ್ದುಪಡಿಯನ್ನ ಈಗ ಬಳಸ್ತಾರೆ. ಪಟ್ಟಿಯಲ್ಲಿ ಐದು ದೊಡ್ಡ ಗುರುತುಗಳಿವೆ.

ಒಂದು, ಕೀಲು. ಮೊದಲ ಸಲ ಬಂದಾಗ ಸುಮಾರು ನಾಲ್ಕರಲ್ಲಿ ಮೂವರಿಗೆ ಇರುತ್ತೆ. ದೊಡ್ಡ ಕೀಲುಗಳು: ಮೊಣಕಾಲು, ಪಾದದ ಕೀಲು, ಮೊಣಕೈ, ಮಣಿಕಟ್ಟು. ಊತ, ಬಿಸಿ, ಜೋರು ನೋವು. ಕೆಲವರಿಗೆ ಮೇಲೆ ಹೊದಿಕೆ ತಗುಲಿದರೂ ಅಳು ಬರೋವಷ್ಟು. ಒಂದು ಕೀಲಲ್ಲಿ ಇಳಿದು ಇನ್ನೊಂದರಲ್ಲಿ ಶುರುವಾಗುತ್ತೆ.

ಎರಡು, ಹೃದಯ. ಅರ್ಧಕ್ಕೂ ಹೆಚ್ಚು ಮಕ್ಕಳಲ್ಲಿ ಹೃದಯಕ್ಕೆ ಉರಿಯೂತ ತಗುಲುತ್ತೆ. ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಗುಟ್ಟೋದು, ಮಲಗಿದರೆ ಉಸಿರು ಕಟ್ಟಿದಂತಾಗೋದು, ಕಾಲು ಊದೋದು. ಆದರೆ ಬಹಳಷ್ಟು ಮಕ್ಕಳಿಗೆ ಹೊರಗೆ ಏನೂ ಗೊತ್ತಾಗೋದಿಲ್ಲ. ಸ್ಟೆತಸ್ಕೋಪ್ ಇಟ್ಟಾಗ 'ಲಬ್-ಡಬ್' ನಡುವೆ ಗಾಳಿ ಊದಿದಂಥ ಇನ್ನೊಂದು ಸದ್ದು ಕೇಳಬಹುದು. ಅದನ್ನ ಮರ್ಮರ ಅಂತಾರೆ. ಅದೂ ಕೇಳದಿದ್ದರೆ ಎಕೋ ಮಾಡಿದಾಗ ಮಾತ್ರ ವಾಲ್ವ್ ಸೋರಿಕೆ ಕಾಣಬಹುದು.

ಮೂರು, ಕೊರಿಯಾ. ದೇಶದ ಹೆಸರಲ್ಲ, ಕಾಯಿಲೆಯ ಹೆಸರು. ಕೈಕಾಲು, ಮುಖ ತಾವಾಗೇ ಎಳೆದಾಡ್ತವೆ, ತಡೆಯೋಕೆ ಆಗೋದಿಲ್ಲ. ನಿದ್ದೆ ಮಾಡಿದಾಗ ನಿಲ್ಲುತ್ತೆ. ಲೋಟ ಕೈಯಿಂದ ಬೀಳುತ್ತೆ, ಅಕ್ಷರ ಹಾಳಾಗುತ್ತೆ, ಸುಮ್ಮಸುಮ್ಮನೆ ಅಳು ಬರುತ್ತೆ. ಹೆಣ್ಣುಮಕ್ಕಳಲ್ಲಿ ಹೆಚ್ಚು. ಗಂಟಲು ನೋವು ಬಂದು ಹೋಗಿ ತಿಂಗಳುಗಳೇ ಆದ ಮೇಲೆ ಬರಬಹುದು. ಶಾಲೆಯಲ್ಲಿ 'ಚೇಷ್ಟೆ' ಅಂತ ಶಿಕ್ಷೆ, ಮನೆಯಲ್ಲಿ 'ಗಾಳಿ ಸೋಕಿದೆ' ಅಂತ ತಾಯಿತ. ಇದಕ್ಕೆ ತಾಯಿತ ಬೇಡ, ಹೃದಯದ ಪರೀಕ್ಷೆ ಬೇಕು. ಬೇರೆ ಕಾರಣ ಇಲ್ಲ ಅಂತ ಖಚಿತವಾದರೆ ಕೊರಿಯಾ ಒಂದೇ ಸಾಕು, ರುಮ್ಯಾಟಿಕ್ ಜ್ವರ ಅಂತ ಹೇಳಬಹುದು.

ನಾಲ್ಕು ಮತ್ತು ಐದು ಅಪರೂಪ. ಹೊಟ್ಟೆ, ಬೆನ್ನು, ತೊಡೆ ಮೇಲೆ ಅಂಚು ಗುಲಾಬಿಯಾಗಿ ನಡುವೆ ತಿಳಿಯಾಗಿರೋ ಬಳೆಯಂಥ ಕಲೆಗಳು. ತುರಿಸೋದಿಲ್ಲ, ಬಂದು ಹೋಗ್ತಿರ್ತವೆ. ನಮ್ಮ ಮೈಬಣ್ಣದ ಮೇಲೆ ಸುಲಭಕ್ಕೆ ಕಾಣೋದಿಲ್ಲ. ಇನ್ನೊಂದು, ಮೊಣಕೈ, ಮೊಣಕಾಲು, ಬೆನ್ನೆಲುಬಿನ ಮೇಲೆ ಚರ್ಮದ ಕೆಳಗೆ ಸಿಗೋ ನೋವಿಲ್ಲದ ಸಣ್ಣ ಗಟ್ಟಿ ಗಂಟುಗಳು.

ಲೆಕ್ಕ ಹಾಕೋದು ಹೇಗೆ

ದೊಡ್ಡ ಗುರುತುಗಳ ಜೊತೆಗೆ ಕೆಲವು ಸಣ್ಣ ಗುರುತುಗಳಿವೆ. ಜ್ವರ, ಊತವಿಲ್ಲದ ಬರೀ ಕೀಲು ನೋವು, ರಕ್ತದಲ್ಲಿ ಇಎಸ್‌ಆರ್ ಅಥವಾ ಸಿಆರ್‌ಪಿ ಏರಿಕೆ, ಇವು ದೇಹದಲ್ಲಿ ಉರಿಯೂತ ಇದೆ ಅಂತ ಹೇಳೋ ಪರೀಕ್ಷೆಗಳು, ಇಸಿಜಿಯಲ್ಲಿ 'ಪಿಆರ್' ಅನ್ನೋ ಅಂತರ ಉದ್ದವಾಗಿರೋದು.

ಎರಡು ದೊಡ್ಡ ಗುರುತು, ಅಥವಾ ಒಂದು ದೊಡ್ಡದು ಮತ್ತು ಎರಡು ಸಣ್ಣವು. ಜೊತೆಗೆ ಇತ್ತೀಚೆಗೆ ಸ್ಟ್ರೆಪ್ ಬಂದು ಹೋಗಿದೆ ಅನ್ನೋದಕ್ಕೆ ಪುರಾವೆ. ಮೊದಲ ಸಲದ ರುಮ್ಯಾಟಿಕ್ ಜ್ವರಕ್ಕೆ ಇದು ನಿಯಮ. ಒಂದೇ ವಿಷಯವನ್ನ ಎರಡು ಸಲ ಎಣಿಸೋ ಹಾಗಿಲ್ಲ. ಕೀಲಿನ ಊತವನ್ನ ದೊಡ್ಡ ಗುರುತಾಗಿ ಎಣಿಸಿದ ಮೇಲೆ ಕೀಲು ನೋವನ್ನ ಸಣ್ಣದಾಗಿ ಮತ್ತೆ ಎಣಿಸೋಕೆ ಬರೋದಿಲ್ಲ.

2015ರ ತಿದ್ದುಪಡಿಯಲ್ಲಿ ನಮಗೆ ಬೇಕಾದ ಎರಡು ಬದಲಾವಣೆ ಇವೆ. ಮೊದಲನೆಯದು, ಮರ್ಮರ ಕೇಳದಿದ್ದರೂ ಎಕೋದಲ್ಲಿ ಕಂಡ ವಾಲ್ವ್ ತೊಂದರೆಯನ್ನ ದೊಡ್ಡ ಗುರುತು ಅಂತಲೇ ಎಣಿಸಬೇಕು. ಅಂದ್ರೆ ಅನುಮಾನ ಇರೋ ಪ್ರತಿ ಮಗುವಿಗೂ ಎಕೋ ಆಗಬೇಕು. ಎರಡನೆಯದು, ಕಾಯಿಲೆ ಅಪರೂಪವಾದ ದೇಶಗಳಿಗೆ ಒಂದು ಅಳತೆ, ಇನ್ನೂ ಕಾಣಿಸ್ತಿರೋ ಭಾರತದಂಥ ಕಡೆಗೆ ಇನ್ನೊಂದು. ಅಲ್ಲಿ ಒಂದಕ್ಕಿಂತ ಹೆಚ್ಚು ಕೀಲು ಊದಿರಬೇಕು. ಇಲ್ಲಿ ಒಂದೇ ಕೀಲು ಊದಿದರೂ, ಅಥವಾ ಊತವಿಲ್ಲದೆ ಹಲವು ಕೀಲು ನೋಯ್ತಿದ್ದರೂ, ಬೇರೆ ಕಾರಣ ಇಲ್ಲ ಅಂತ ಖಚಿತ ಮಾಡಿಕೊಂಡು, ದೊಡ್ಡ ಗುರುತಾಗಿ ಎಣಿಸಬಹುದು. ಜ್ವರ ಅಲ್ಲಿ 38.5 ಡಿಗ್ರಿ ಸೆಲ್ಸಿಯಸ್ ಇರಬೇಕು, ಇಲ್ಲಿ 38 ಸಾಕು, ಅಂದ್ರೆ ನಮ್ಮ ಥರ್ಮಾಮೀಟರ್‌ನಲ್ಲಿ 100.4. ಇಎಸ್‌ಆರ್ ಅಲ್ಲಿ 60, ಇಲ್ಲಿ 30.

ಈಗ ನಮ್ಮ ಬ್ಯಾಡಗಿ ಹುಡುಗಿಯ ಲೆಕ್ಕ ಹಾಕೋಣ. ಕೀಲಿನ ಊತ, ಅದೂ ಜಾಗ ಬದಲಿಸ್ತಿದೆ: ಒಂದು ದೊಡ್ಡ ಗುರುತು. ಜ್ವರ 101: ಒಂದು ಸಣ್ಣದು. ಇಎಸ್‌ಆರ್ 70 ಬಂತು ಅಂದುಕೊಳ್ಳಿ: ಇನ್ನೊಂದು ಸಣ್ಣದು. ಸ್ಟ್ರೆಪ್ ಪುರಾವೆಯೂ ಸಿಕ್ಕಿತು ಅಂದರೆ ಲೆಕ್ಕ ಪೂರ್ತಿ ಆಯ್ತು. ಎಕೋದಲ್ಲಿ ಮೈಟ್ರಲ್ ವಾಲ್ವ್ ಸೋರಿಕೆ ಕಂಡರೆ ಎರಡು ದೊಡ್ಡ ಗುರುತೇ ಸಿಕ್ಕ ಹಾಗೆ.

ಎಎಸ್‌ಒ ರಿಪೋರ್ಟ್ ನೋಡಿ ಗಾಬರಿ ಬೇಡ

ಸ್ಟ್ರೆಪ್ ಪುರಾವೆಗೆ ಹೆಚ್ಚಾಗಿ ಮಾಡಿಸೋ ರಕ್ತ ಪರೀಕ್ಷೆ ಎಎಸ್‌ಒ. ಇದರ ಸುತ್ತ ಎರಡು ತಪ್ಪು ಆಗ್ತವೆ.

ಮೊದಲ ತಪ್ಪು: ಎಎಸ್‌ಒ ಹೆಚ್ಚಿದೆ, ಆದ್ದರಿಂದ ರುಮ್ಯಾಟಿಕ್ ಜ್ವರ. ಅಲ್ಲ. ಎಎಸ್‌ಒ ಹೇಳೋದು ಇಷ್ಟೇ: ಇತ್ತೀಚೆಗೆ ಸ್ಟ್ರೆಪ್ ಬಂದು ಹೋಗಿದೆ. ಶಾಲೆಗೆ ಹೋಗೋ ಮಕ್ಕಳಲ್ಲಿ ಅದು ಸಾಮಾನ್ಯ. ಆರೋಗ್ಯವಾಗಿರೋ ಎಷ್ಟೋ ಮಕ್ಕಳಲ್ಲೂ ಈ ಅಂಕಿ ಲ್ಯಾಬ್‌ನವರು ಮುದ್ರಿಸಿದ 200ರ ಗೆರೆ ದಾಟಿರುತ್ತೆ, ತಿಂಗಳುಗಟ್ಟಲೆ ಹಾಗೇ ಇರುತ್ತೆ. ಬರೀ ಆ ಒಂದು ಅಂಕಿ ನೋಡಿ ವರ್ಷಗಟ್ಟಲೆ ಇಂಜೆಕ್ಷನ್ ಶುರು ಮಾಡಿಸಬೇಡಿ. 'ಜೋನ್ಸ್ ಮಾನದಂಡಕ್ಕೆ ಹೊಂದುತ್ತಾ ಡಾಕ್ಟರ್?' ಅಂತ ವಿನಯವಾಗಿ ಕೇಳಿ. ಕೇಳೋಕೆ ನಾಚಿಕೆ ಬೇಡ.

ಎರಡನೇ ತಪ್ಪು: ಎಎಸ್‌ಒ ಸರಿ ಇದೆ, ಆದ್ದರಿಂದ ಏನೂ ಇಲ್ಲ. ರುಮ್ಯಾಟಿಕ್ ಜ್ವರ ಬಂದ ಐವರಲ್ಲಿ ಸುಮಾರು ಒಬ್ಬರಿಗೆ ಇದು ಏರಿರೋದಿಲ್ಲ. ಆಗ 'ಆ್ಯಂಟಿ ಡಿಎನ್‌ಏಸ್ ಬಿ' ಅನ್ನೋ ಇನ್ನೊಂದು ಪರೀಕ್ಷೆ, ಅಥವಾ ಎರಡು ಮೂರು ವಾರ ಬಿಟ್ಟು ಎಎಸ್‌ಒ ಮತ್ತೊಮ್ಮೆ ಮಾಡಿ ಏರಿದೆಯಾ ನೋಡ್ತಾರೆ.

ಮತ್ತೇನಾಗಿರಬಹುದು?

ಮಕ್ಕಳ ಕೀಲು ನೋವೆಲ್ಲ ರುಮ್ಯಾಟಿಕ್ ಜ್ವರ ಅಲ್ಲ. ಚಿಕುನ್‌ಗುನ್ಯಾ ನಮಗೆ ಪರಿಚಯ ಇರೋದೇ. ಅದರಲ್ಲಿ ಜೋರು ಜ್ವರದ ಜೊತೆ ಬೆರಳುಗಳೂ ಸೇರಿ ಹಲವು ಕೀಲು ಒಟ್ಟಿಗೇ ಹಿಡಿಯುತ್ತೆ, ಮನೆಯಲ್ಲೋ ಓಣಿಯಲ್ಲೋ ಇನ್ನೂ ಕೆಲವರಿಗೆ ಬಂದಿರುತ್ತೆ. ಅದೇ ಕೀಲು ಆರು ವಾರ ದಾಟಿದರೂ ಊದೇ ಇದ್ದರೆ, ಬೆಳಿಗ್ಗೆ ಎದ್ದಾಗ ಬಿಗಿತ ಹೆಚ್ಚಿದ್ದರೆ, ಅದು ಮಕ್ಕಳಲ್ಲಿ ಬರೋ ಬೇರೆ ಬಗೆಯ ಸಂಧಿವಾತ ಇರಬಹುದು. ರಾತ್ರಿ ಎಬ್ಬಿಸೋವಷ್ಟು ಮೂಳೆ ನೋವು, ಮಗು ಬಿಳಿಚಿಕೊಳ್ಳೋದು, ಮೈಮೇಲೆ ರಕ್ತದ ಚುಕ್ಕೆ ಕಂಡರೆ ರಕ್ತದ ಕ್ಯಾನ್ಸರ್ ಇಲ್ಲ ಅಂತ ಖಚಿತ ಮಾಡಿಕೊಳ್ಳಲೇಬೇಕು. ಬೆಳೆಯೋ ಮಕ್ಕಳಿಗೆ ಸಂಜೆ, ರಾತ್ರಿ ಕಾಲು ನೋವು ಬರೋದುಂಟು, ಆದರೆ ಅದರಲ್ಲಿ ಊತ ಇರೋದಿಲ್ಲ, ಜ್ವರ ಇರೋದಿಲ್ಲ, ಬೆಳಿಗ್ಗೆ ಮಗು ಕುಣೀತಾ ಓಡಾಡುತ್ತೆ.

ಒಂದನ್ನ ಮಾತ್ರ ಮುಂದೂಡೋ ಹಾಗೇ ಇಲ್ಲ. ಜ್ವರದ ಜೊತೆ ಒಂದೇ ಕೀಲು ಊದಿ, ಕೆಂಪಾಗಿ, ಮಗು ಅದನ್ನ ಅಲುಗಾಡಿಸೋಕೂ ಬಿಡ್ತಿಲ್ಲ ಅಂದರೆ ಕೀಲಿನಲ್ಲಿ ಕೀವು ತುಂಬಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಏದುಸಿರು, ಮಲಗೋಕೆ ಆಗದಿರೋದು, ಪ್ರಜ್ಞೆ ತಪ್ಪೋದು ಇದ್ದರೂ ಅಷ್ಟೇ, 108ಕ್ಕೆ ಕರೆ ಮಾಡಿ.

ನೋವಿನ ಮಾತ್ರೆ ಸುಳಿವನ್ನೇ ಅಳಿಸಬಹುದು

ರುಮ್ಯಾಟಿಕ್ ಜ್ವರದ ಕೀಲು ನೋವು ಆಸ್ಪಿರಿನ್ ಥರದ ಮಾತ್ರೆಗೆ ಎರಡು ಮೂರು ದಿನದಲ್ಲೇ ಕರಗಿಬಿಡುತ್ತೆ. ಕೇಳೋಕೆ ಒಳ್ಳೇದು. ಆದರೆ ಮೊದಲ ಕೀಲು ಊದಿದ ದಿನವೇ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಂದು ನುಂಗಿಸಿದರೆ, ಅಥವಾ ಸ್ಟೀರಾಯ್ಡ್ ಇಂಜೆಕ್ಷನ್ ಮಾಡಿಸಿದರೆ, ನೋವು ಎರಡನೇ ಕೀಲಿಗೆ ಹೋಗೋದೇ ಇಲ್ಲ. ಡಾಕ್ಟರಿಗೆ ಸಿಗಬೇಕಾದ ಸುಳಿವು ಮಾಯ. ಹೃದಯದೊಳಗಿನ ಉರಿಯೂತ ಮಾತ್ರ ಸದ್ದಿಲ್ಲದೆ ಮುಂದುವರೀಬಹುದು. ಡಾಕ್ಟರ್ ನೋಡೋವರೆಗೆ ಜ್ವರಕ್ಕೆ, ನೋವಿಗೆ ವಯಸ್ಸಿಗೆ ತಕ್ಕಷ್ಟು ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್ ಅಂತೂ ಮನೆಯಲ್ಲೇ ಕೊಡಬೇಡಿ. ಅದು ಡೆಂಗಿ ಆಗಿದ್ದರೆ ರಕ್ತಸ್ರಾವದ ಅಪಾಯ.

ನಿಮ್ಮ ಕೈಯಲ್ಲಿರೋ ಫೋನ್

ಈ ಸಂಚಿಕೆಯನ್ನ ಅಪ್ಪ-ಅಮ್ಮಂದಿರಿಗಿಂತ ನಿಮಗೆ ಹೇಳೋಕೆ ಒಂದು ಕಾರಣ ಇದೆ. ಎಷ್ಟೋ ಮನೆಗಳಲ್ಲಿ ತಂಗಿಯನ್ನ, ತಮ್ಮನನ್ನ ಬೈಕ್ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋಗೋರು ನೀವು. ಚೀಟಿ ಓದೋರು ನೀವು. ಫೋನ್ ಇರೋದೂ ನಿಮ್ಮ ಹತ್ತಿರ.

ನಮ್ಮ ಹುಡುಗಿಗೆ ಒಬ್ಬ ಅಣ್ಣ ಇದ್ದಾನೆ ಅಂದುಕೊಳ್ಳಿ, ರಾಣೆಬೆನ್ನೂರಿನಲ್ಲಿ ಓದ್ತಿದ್ದಾನೆ. ಶನಿವಾರ ಊರಿಗೆ ಬಂದವನು ಊದಿದ ಪಾದದ ಫೋಟೊ ತೆಗೆದ. "ಮೊನ್ನೆ ಮೊಣಕಾಲು ಊದಿತ್ತು" ಅಂತ ಅವಳು ಹೇಳಿದ್ದನ್ನ ಬರೆದಿಟ್ಟ. ಸೋಮವಾರ ಆಸ್ಪತ್ರೆಗೆ ಹೋದಾಗ ಪಾದದ ಊತ ಇಳಿದಿತ್ತು, ಮೊಣಕೈ ಊದಿತ್ತು. ಬರೀ ಮೊಣಕೈ ನೋಡಿದ್ದರೆ ಬಿದ್ದು ಪೆಟ್ಟಾಗಿದೆ ಅನ್ನಿಸ್ತಿತ್ತೇನೋ. ದಿನಾಂಕ ಸಮೇತ ಫೋಟೊ ಇದ್ದದ್ದರಿಂದ ಕಥೆ ಪೂರ್ತಿ ಆಯ್ತು. "ಈ ತಿಂಗಳೊಳಗ ಗಂಟಲು ನೋವು ಬಂದಿತ್ತೇನು?" ಅಂತ ಡಾಕ್ಟರ್ ಕೇಳಿದಾಗ, "ಹೌದ್ರಿ, ಮೆಣಸಿನಕಾಯಿ ಘಾಟು ಅಂದ್ಕೊಂಡಿದ್ವಿ" ಅಂದರು ಅಮ್ಮ.

ನೀವೂ ಇಷ್ಟು ಮಾಡಬಹುದು. ಊದಿದ ಕೀಲಿನ ಜೊತೆ ಊದದ ಇನ್ನೊಂದು ಕಾಲೂ ಕಾಣೋ ಹಾಗೆ ಫೋಟೊ ತೆಗೀರಿ. ಕೈಕಾಲು ಎಳೆದಾಡೋದು ಕಂಡರೆ ಮೂವತ್ತು ಸೆಕೆಂಡ್ ವಿಡಿಯೊ. ಜ್ವರದ ಅಂಕಿ, ಕೊಟ್ಟ ಮಾತ್ರೆಯ ಹೆಸರು, ಗಂಟಲು ನೋವಿದ್ದ ದಿನ ನೋಟ್ಸ್‌ನಲ್ಲಿ. ಎಲ್ಲ ರಿಪೋರ್ಟ್‌ನ ಫೋಟೊ ಒಂದೇ ಫೋಲ್ಡರ್‌ನಲ್ಲಿ. ಇವು ಡಾಕ್ಟರಿಗೆ ತೋರಿಸೋಕೆ, ಸ್ಟೇಟಸ್‌ಗೆ ಹಾಕೋಕಲ್ಲ.

ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಅಥವಾ ಬ್ಯಾಡಗಿ, ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯ ಮಕ್ಕಳ ತಜ್ಞರು. ರಕ್ತ ಪರೀಕ್ಷೆ, ಇಸಿಜಿಗೆ ದೂರ ಹೋಗಬೇಕಿಲ್ಲ. ಎಕೋಗೆ ಹಾವೇರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಮುಂದಿನ ಚಿಕಿತ್ಸೆ ಬೇಕಾದರೆ ಹಾವೇರಿ ಕಡೆಯವರು ಹುಬ್ಬಳ್ಳಿಗೆ, ರಾಣೆಬೆನ್ನೂರು ಕಡೆಯವರು ದಾವಣಗೆರೆಗೆ ಹೋಗೋದು ರೂಢಿ. ಮೂರೂ ಊರುಗಳಿಗೆ ರಾಷ್ಟ್ರೀಯ ಹೆದ್ದಾರಿ 48 ಹತ್ತಿರ ಇರೋದರಿಂದ ದಾರಿ ಕಷ್ಟ ಇಲ್ಲ.

ಎರಡು ಸರ್ಕಾರಿ ಯೋಜನೆ ನೆನಪಿಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾದದ್ದು. ಅದರ ತಂಡ ಸರ್ಕಾರಿ ಶಾಲೆಗಳಿಗೆ ಬಂದು 18 ವರ್ಷದವರೆಗಿನ ಮಕ್ಕಳನ್ನ ತಪಾಸಣೆ ಮಾಡುತ್ತೆ. ತಪಾಸಣೆಯ ಪಟ್ಟಿಯಲ್ಲಿ ರುಮ್ಯಾಟಿಕ್ ಹೃದ್ರೋಗವೂ ಇದೆ. ಆ ದಿನ ತಮ್ಮ ತಂಗಿಯರು ಶಾಲೆ ತಪ್ಪಿಸದ ಹಾಗೆ ನೋಡಿಕೊಳ್ಳಿ. ಇನ್ನೊಂದು, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು. ವಾಲ್ವ್ ಆಪರೇಷನ್ ಥರದ ದೊಡ್ಡ ಚಿಕಿತ್ಸೆಗೆ ಇದು ಬೇಕಾಗುತ್ತೆ. ಸಂದೇಹ ಇದ್ದರೆ 104 ಆರೋಗ್ಯವಾಣಿಗೆ ಕರೆ ಮಾಡಿ.

21 ದಿನದ ಅಲಾರಂ

ರುಮ್ಯಾಟಿಕ್ ಜ್ವರ ಖಚಿತವಾಯ್ತು. ವಿಶ್ರಾಂತಿ, ಔಷಧದಿಂದ ನಮ್ಮ ಹುಡುಗಿ ಕೆಲವು ವಾರದಲ್ಲಿ ಚೇತರಿಸಿಕೊಂಡಳು. ನಿಜವಾದ ಕೆಲಸ ಶುರುವಾಗೋದೇ ಇಲ್ಲಿಂದ. ಒಮ್ಮೆ ಬಂದವರಿಗೆ ಮತ್ತೆ ಸ್ಟ್ರೆಪ್ ತಗುಲಿದರೆ ಮತ್ತೆ ರುಮ್ಯಾಟಿಕ್ ಜ್ವರ ಬರೋ ಸಾಧ್ಯತೆ ಬಹಳ ಹೆಚ್ಚು. ಅದನ್ನ ತಡೆಯೋಕೆ ಬೆಂಜಥೀನ್ ಪೆನ್ಸಿಲಿನ್ ಇಂಜೆಕ್ಷನ್. ಸಾಮಾನ್ಯವಾಗಿ 12 ಲಕ್ಷ ಯೂನಿಟ್, ಚಿಕ್ಕ ಮಕ್ಕಳಿಗೆ 6 ಲಕ್ಷ, ಪ್ರತಿ 21 ದಿನಕ್ಕೊಮ್ಮೆ. ಎಷ್ಟು ವರ್ಷ? ಹೃದಯಕ್ಕೆ ಏನೂ ಆಗಿರದಿದ್ದರೂ ಕನಿಷ್ಠ ಐದು ವರ್ಷ ಅಥವಾ ಹದಿಹರೆಯ ಮುಗಿಯೋವರೆಗೆ, ಇವೆರಡರಲ್ಲಿ ಯಾವುದು ಉದ್ದವೋ ಅದು. ವಾಲ್ವ್ ತೊಂದರೆ ಉಳಿದಿದ್ದರೆ ಇನ್ನೂ ಹೆಚ್ಚು, ಕೆಲವರಿಗೆ 40 ವರ್ಷದವರೆಗೆ. ನಿಲ್ಲಿಸೋ ತೀರ್ಮಾನ ಡಾಕ್ಟರದ್ದು.

ಇಂಜೆಕ್ಷನ್ ನೋಯುತ್ತೆ, ಸುಳ್ಳು ಹೇಳೋದಿಲ್ಲ. ಅಲರ್ಜಿಯ ಭಯದಿಂದ ಕೆಲವು ಕ್ಲಿನಿಕ್‌ಗಳಲ್ಲಿ ಹಾಕೋಕೆ ಒಪ್ಪೋದಿಲ್ಲ. ಗಂಭೀರ ಅಲರ್ಜಿ ಅಪರೂಪ, ಆದರೆ ಆಗಬಹುದು, ಆದ್ದರಿಂದ ತುರ್ತು ಔಷಧ ಇರೋ ಆಸ್ಪತ್ರೆಯಲ್ಲೇ ಹಾಕಿಸಿ, ಆಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಪೆನ್ಸಿಲಿನ್ ಆಗದವರಿಗೆ ಬೇರೆ ಮಾತ್ರೆಗಳಿವೆ.

ಮಕ್ಕಳು ಇಂಜೆಕ್ಷನ್ ಬಿಡೋದು ಯಾವಾಗ ಅಂದ್ರೆ, ಆರಾಮಾಗಿ ಕಾಣ್ತಿರೋವಾಗ. ಹಾಸ್ಟೆಲ್‌ಗೆ ಹೋದಾಗ, ಪರೀಕ್ಷೆ ಬಂದಾಗ, ಮದುವೆಯಾಗಿ ಬೇರೆ ಊರಿಗೆ ಹೋದಾಗ. ಹತ್ತು ಹದಿನೈದು ವರ್ಷ ಏನೂ ಗೊತ್ತಾಗದೆ ಇದ್ದು, ಮೊದಲ ಬಸಿರಿನಲ್ಲಿ ಏದುಸಿರು ಬಂದಾಗಲೇ ವಾಲ್ವ್ ಕಿರಿದಾಗಿರೋದು ಪತ್ತೆಯಾಗೋ ಹೆಣ್ಣುಮಕ್ಕಳಿದ್ದಾರೆ. ಬಸಿರಿನಲ್ಲಿ ದೇಹದ ರಕ್ತದ ಪ್ರಮಾಣ ಸುಮಾರು ಒಂದೂವರೆ ಪಟ್ಟಿನ ಹತ್ತಿರಕ್ಕೆ ಏರುತ್ತೆ, ಕಿರಿದಾದ ವಾಲ್ವ್ ಅದನ್ನ ತಡೆದುಕೊಳ್ಳೋದಿಲ್ಲ. ಕಿರಿದಾದ ವಾಲ್ವನ್ನ ತೊಡೆಯ ರಕ್ತನಾಳದಿಂದ ಬಲೂನ್ ಕಳಿಸಿ ಅಗಲ ಮಾಡೋ ಚಿಕಿತ್ಸೆ ಇದೆ. ಜಪಾನಿನ ವೈದ್ಯ ಕಾಂಜಿ ಇನೊವೆ 1980ರ ದಶಕದಲ್ಲಿ ರೂಪಿಸಿದ್ದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಈ ಚಿಕಿತ್ಸೆಗೆ ಹೆಸರಾಗಿದೆ. ಆದರೆ ಅಲ್ಲಿಯವರೆಗೆ ಹೋಗದಂತೆ ತಡೆಯೋ ಔಷಧ ತಾಲೂಕಿನಲ್ಲೇ ಸಿಗುತ್ತೆ.

ಬೇಗ ಪತ್ತೆಯಾದರೆ ಏನು ಲಾಭ? ಉಗಾಂಡಾದಲ್ಲಿ ಎಕೋದಿಂದ ಮಾತ್ರ ಕಂಡ, ಲಕ್ಷಣವೇ ಇಲ್ಲದ ವಾಲ್ವ್ ತೊಂದರೆಯಿದ್ದ 818 ಮಕ್ಕಳ ಮೇಲೆ ಒಂದು ಅಧ್ಯಯನ ನಡೀತು. ಎರಡು ವರ್ಷದಲ್ಲಿ, ಪೆನ್ಸಿಲಿನ್ ಇಂಜೆಕ್ಷನ್ ಪಡೆದವರಲ್ಲಿ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಮಕ್ಕಳಿಗೆ ಕಾಯಿಲೆ ಹೆಚ್ಚಿತು. ಪಡೆಯದವರಲ್ಲಿ ನೂರಕ್ಕೆ ಎಂಟು.

ಆ ಅಣ್ಣನ ಫೋನಿನಲ್ಲಿ ಈಗ 21 ದಿನಕ್ಕೊಮ್ಮೆ ಒಂದು ಅಲಾರಂ ಹೊಡೆಯುತ್ತೆ. ಅವತ್ತು ಅವನು ಎಲ್ಲೇ ಇದ್ದರೂ ಮನೆಗೆ ಫೋನ್ ಮಾಡಿ "ಇವತ್ತ ಇಂಜೆಕ್ಷನ್ ಐತಿ, ನೆನಪೈತಲ್ಲ?" ಅಂತ ಕೇಳ್ತಾನೆ. ಅವಳು ಮೊದಲು ಮುಖ ಸಿಂಡರಿಸ್ತಾಳೆ, ಆಮೇಲೆ ಅಮ್ಮನ ಜೊತೆ ಹೊರಡ್ತಾಳೆ.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಹಾಸ್ಟೆಲ್‌ನಲ್ಲಿ ಕೀಲು ನೋವು ಅಂತ ಅಳೋ ಮಗು ಇದ್ದರೆ ಬೈಯೋ ಮುಂಚೆ ಎರಡು ಪ್ರಶ್ನೆ ಕೇಳಿ: ನಿನ್ನೆ ಎಲ್ಲಿ ನೋಯ್ತಿತ್ತು? ಹೋದ ತಿಂಗಳು ಗಂಟಲು ನೋವು ಬಂದಿತ್ತಾ? ಉತ್ತರ ಕೇಳಿ ಅನುಮಾನ ಬಂದರೆ ನಾಳೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಈ ಸಂಚಿಕೆಯನ್ನ ಮನೆಯ ವಾಟ್ಸ್ಆ್ಯಪ್ ಗ್ರೂಪ್‌ಗೂ ಕಳಿಸಿ.